ಊರಾಗಬೇಕಿದ್ದ ಮಾಲ್

1956ರ ಅಕ್ಟೋಬರ್ 8, ಸೋಮವಾರ. ಅಮೆರಿಕದ ಉತ್ತರದಂಚಿನ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ನಗರದ ಪಕ್ಕದ ಈಡೈನಾ ಎಂಬ ಉಪನಗರದಲ್ಲಿ ಹೊಸ ಕಟ್ಟಡವೊಂದರ ಬಾಗಿಲು ತೆರೆಯಿತು. ಕೆಲವೇ ವರ್ಷಗಳ ಹಿಂದೆ ಅದು ಹೊಲ. ಈಗ ಅಲ್ಲಿ ಎರಡು ಕೋಟಿ ಡಾಲರ್ ಸುರಿದು ಕಟ್ಟಿದ, ಹೊರಗಿನಿಂದ ನೋಡಿದರೆ ಕಿಟಕಿಗಳೇ ಇಲ್ಲವೆನ್ನುವಂಥ ಭಾರೀ ಪೆಟ್ಟಿಗೆ ನಿಂತಿತ್ತು. ಸುತ್ತ 5,200 ಕಾರುಗಳಿಗೆ ಜಾಗ. ಒಳಗೆ 72 ಅಂಗಡಿಗಳು, ಎರಡು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರುಗಳು. ಲೈಫ್, ಟೈಮ್, ಫಾರ್ಚೂನ್ ಪತ್ರಿಕೆಗಳ ವರದಿಗಾರರು ಬಂದಿಳಿದಿದ್ದರು. ಸಾವಿರಾರು ಜನ ಒಳನುಗ್ಗಿ, ಮೇಲೆ ನೋಡಿ ಬೆರಗಾದರು. ಅಂಗಡಿಬೀದಿಗೆ ಚಾವಣಿ ಹಾಕಿಬಿಟ್ಟಿದ್ದರು.

ಅದರ ಹೆಸರು ಸೌತ್‌ಡೇಲ್ ಸೆಂಟರ್. ಪೂರ್ತಿ ಮುಚ್ಚಿದ, ಹವಾನಿಯಂತ್ರಿತವಾದ, ನಡುವೆ ಅಂಗಳ ಬಿಟ್ಟು ಅದರ ಸುತ್ತ ಎರಡು ಅಂತಸ್ತುಗಳಲ್ಲಿ ಅಂಗಡಿ ಜೋಡಿಸಿದ ಮೊದಲ ಉಪನಗರ ಮಾಲ್ ಅದು. ಜಗತ್ತಿನ ಯಾವ ಮೂಲೆಯಲ್ಲಿ ಎಸ್ಕಲೇಟರ್ ಹತ್ತಿ, ಗಾಜಿನ ಚಾವಣಿಯ ಕೆಳಗೆ ನಿಂತು, ಎದುರಿನ ಅಂತಸ್ತಿನ ಅಂಗಡಿಗಳನ್ನು ನೋಡಿದರೂ, ಆ ವಿನ್ಯಾಸದ ವಂಶಾವಳಿ ಈಡೈನಾದ ಈ ಅಂಗಳಕ್ಕೇ ಹೋಗಿ ಸೇರುತ್ತದೆ. 2004ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ತೆರೆದ ಫೋರಂ ಮಾಲ್ ಕೂಡ ಅದೇ ವಂಶದ್ದು.

ಮಾಲ್ ಕಟ್ಟಿಸಿದವರು ಡೇಟನ್ ಕುಟುಂಬದವರು. 1902ರಿಂದ ಮಿನಿಯಾಪೊಲಿಸ್ ಪೇಟೆಯ ನಡುಮಧ್ಯೆ, ನಿಕೊಲೆಟ್ ರಸ್ತೆಯಲ್ಲಿ ಅವರ ಡಿಪಾರ್ಟ್‌ಮೆಂಟ್ ಸ್ಟೋರ್ ಇತ್ತು. ಎರಡನೇ ಮಹಾಯುದ್ಧದ ಬಳಿಕ ಗಿರಾಕಿಗಳು ಪೇಟೆ ಬಿಟ್ಟು ಹೊರವಲಯದ ಹೊಸ ಮನೆಗಳಿಗೆ ಹೊರಟರು. 1950ರಲ್ಲಿ ಈಡೈನಾದ ಜನಸಂಖ್ಯೆ ಹತ್ತು ಸಾವಿರವನ್ನೂ ಮುಟ್ಟಿರಲಿಲ್ಲ. 1960ರ ಹೊತ್ತಿಗೆ 28 ಸಾವಿರ ದಾಟಿತ್ತು. ಗಿರಾಕಿ ಹೋದಲ್ಲಿಗೆ ಅಂಗಡಿಯೂ ಹೋಗಬೇಕು ಎಂದುಕೊಂಡ ಡೇಟನ್ ಸಹೋದರರು ಒಂದು ದಿಟ್ಟ ಹೆಜ್ಜೆ ಇಟ್ಟರು. ತಮ್ಮ ಪೇಟೆಯ ಎದುರಾಳಿ ಡೊನಾಲ್ಡ್‌ಸನ್ಸ್ ಅಂಗಡಿಯನ್ನೂ ಅದೇ ಸೂರಿನಡಿಗೆ ಕರೆದರು. ಇಬ್ಬರು ದೊಡ್ಡ ವ್ಯಾಪಾರಿಗಳು ಮಾಲಿನ ಎರಡು ತುದಿಗಳಲ್ಲಿ ನಿಂತರೆ ಜನ ಇಬ್ಬರ ನಡುವೆ ಓಡಾಡುತ್ತಾರೆ, ಆ ಓಡಾಟದಿಂದ ಮಧ್ಯದ ಸಣ್ಣ ಅಂಗಡಿಗಳು ಬದುಕುತ್ತವೆ. ಇದೇ ಮುಂದೆ ಮಾಲ್ ವ್ಯಾಪಾರದ ಮೂಲಸೂತ್ರವಾಯಿತು.

ಚಾವಣಿಯ ಯೋಚನೆ ಹುಟ್ಟಿದ್ದು ಮಿನ್ನೆಸೋಟದ ಹವೆಯಿಂದ. ಅಲ್ಲಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಬೇಸಗೆಯಲ್ಲಿ 35 ಮುಟ್ಟುವ ದಿನಗಳೂ ಇವೆ. ವರ್ಷದಲ್ಲಿ ಹಾಯಾಗಿ ಅಂಗಡಿ ಸುತ್ತಬಹುದಾದ ದಿನಗಳು 126 ಮಾತ್ರ ಎಂದು ವಾಸ್ತುಶಿಲ್ಪಿ ಲೆಕ್ಕ ಹಾಕಿ ತೋರಿಸಿದರು. ಎಲ್ಲ ಅಂಗಡಿಗಳನ್ನೂ ಒಂದೇ ಸೂರಿನಡಿ ತಂದು ಒಳಗೆ ವರ್ಷವಿಡೀ 24 ಡಿಗ್ರಿ ಸೆಲ್ಸಿಯಸ್ ಕಾಪಾಡಿದರೆ ಪ್ರತಿದಿನವೂ ವ್ಯಾಪಾರದ ದಿನವೇ. ಖರ್ಚಿನ ಲೆಕ್ಕವೂ ಒಗ್ಗಿಬಂತು. ಒಳಾಂಗಣಕ್ಕೆ ಮುಖ ಮಾಡಿದ ಅಂಗಡಿಗೆ ಮಳೆಗಾಳಿ ತಡೆಯುವ ಗಟ್ಟಿ ಬಾಗಿಲು ಬೇಕಿಲ್ಲ. ಒಂದರ ಮೇಲೊಂದು ಅಂತಸ್ತು ಬಂದರೆ ಕಟ್ಟಡ ಒತ್ತಾಗಿರುತ್ತದೆ, ಬಿಸಿ ಮಾಡುವ ಖರ್ಚೂ ಇಳಿಯುತ್ತದೆ.

ಆ ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್. ಹುಟ್ಟಿದ್ದು 1903ರಲ್ಲಿ, ವಿಯೆನ್ನಾ ನಗರದ ಯಹೂದಿ ಕುಟುಂಬವೊಂದರಲ್ಲಿ. ಮೊದಲ ಹೆಸರು ವಿಕ್ಟರ್ ಗ್ರೂನ್‌ಬೌಮ್. ಅಲ್ಲಿನ ಲಲಿತಕಲಾ ಅಕಾಡೆಮಿಯಲ್ಲಿ ವಾಸ್ತುಶಿಲ್ಪ ಕಲಿತರು. ಹಗಲು ಅಂಗಡಿಗಳಿಗೆ ವಿನ್ಯಾಸ, ಸಂಜೆ ರಾಜಕೀಯ ವಿಡಂಬನೆಯ ಪುಟ್ಟ ರಂಗಮಂಚಗಳಲ್ಲಿ ಪಾತ್ರ. ಸಮಾಜವಾದಿ. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾವನ್ನು ನುಂಗಿದಾಗ ಊರು ಬಿಟ್ಟು ನ್ಯೂಯಾರ್ಕ್ ಸೇರಿದರು. ಬಂದಿಳಿದಾಗ ಕಿಸೆಯಲ್ಲಿ ಎಂಟು ಡಾಲರ್ ಇತ್ತು, ಇಂಗ್ಲಿಷ್ ಬರುತ್ತಿರಲಿಲ್ಲ ಎಂಬ ಮಾತು ಅವರ ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮರುವರ್ಷವೇ ಫಿಫ್ತ್ ಅವೆನ್ಯೂದ ಒಂದು ಚರ್ಮದ ಸಾಮಾನಿನ ಅಂಗಡಿಗೆ ಅವರು ರೂಪಿಸಿದ ಮುಂಭಾಗ ಹೆಸರು ತಂದಿತು. ದಾರಿಹೋಕರು ಬೀದಿ ಬಿಟ್ಟು ಒಳಗೆ ಸರಿಯುವಂತೆ ಅದನ್ನು ಹಿಂದಕ್ಕೆ ತೆಗೆದು ಕಟ್ಟಿದ್ದರು.

ಗ್ರೂಯೆನ್‌ರಿಗೆ ಅಮೆರಿಕದ ಉಪನಗರಗಳು ಕಂಡರೆ ತಳಮಳ. ಮನೆ, ಗ್ಯಾರೇಜು, ಹುಲ್ಲುಹಾಸು. ಮತ್ತೆ ಮನೆ, ಗ್ಯಾರೇಜು, ಹುಲ್ಲುಹಾಸು. ನಡೆದು ಹೋಗಲು ಜಾಗವಿಲ್ಲ. ಹೋಗಿ ಯಾರನ್ನಾದರೂ ಮಾತಾಡಿಸೋಣವೆಂದರೆ ಚೌಕವಿಲ್ಲ, ಕಾಫಿಯಂಗಡಿಯಿಲ್ಲ. ರಸ್ತೆಯ ಇಕ್ಕೆಲದಲ್ಲಿ ಫಲಕಗಳ ಗದ್ದಲ, ಕಾರುಗಳ ಸಾಲು. ವಿಯೆನ್ನಾದ ಬೀದಿಗಳಲ್ಲಿ ಬೆಳೆದವರಿಗೆ ಅದು ಬದುಕೆನಿಸಲಿಲ್ಲ. 1943ರಲ್ಲಿ ಆರ್ಕಿಟೆಕ್ಚರಲ್ ಫೋರಂ ಪತ್ರಿಕೆ ಯುದ್ಧಾನಂತರದ ಊರು ಹೇಗಿರಬೇಕೆಂದು ವಾಸ್ತುಶಿಲ್ಪಿಗಳನ್ನು ಕೇಳಿದಾಗ, ಪತ್ನಿಯೂ ವೃತ್ತಿಯ ಜೊತೆಗಾರ್ತಿಯೂ ಆಗಿದ್ದ ಎಲ್ಸಿ ಕ್ರುಮ್ಮೆಕ್ ಜೊತೆಗೂಡಿ ಅವರು ಅಂಗಡಿಕೇಂದ್ರದ ಕಲ್ಪನೆಯನ್ನು ಮುಂದಿಟ್ಟರು. ಅದು ಜನ ಸೇರುವ ಜಾಗವೂ ಆಗಬೇಕಿತ್ತು. 1954ರಲ್ಲಿ ಡೆಟ್ರಾಯಿಟ್ ಪಕ್ಕದಲ್ಲಿ ನಾರ್ತ್‌ಲ್ಯಾಂಡ್ ಸೆಂಟರ್ ಎದ್ದಿತು. ಹಡ್ಸನ್ಸ್ ಡಿಪಾರ್ಟ್‌ಮೆಂಟ್ ಸ್ಟೋರನ್ನು ನಡುವೆ ನಿಲ್ಲಿಸಿ, ಸುತ್ತ ತೆರೆದ ಅಂಗಳಗಳಲ್ಲಿ ಶಿಲ್ಪ, ಕಾರಂಜಿ, ಬೆಂಚು ಇಟ್ಟಿದ್ದರು. ಮುಂದಿನ ಹೆಜ್ಜೆಯೇ ಸೌತ್‌ಡೇಲ್.

ಅಲ್ಲಿ ಗ್ರೂಯೆನ್ ಕಟ್ಟಿದ್ದು ನಮ್ಮ ತೊಟ್ಟಿಮನೆಯ ಬಗೆಯದು: ಹೊರಗೆ ಬೋಳು ಗೋಡೆ, ಜೀವವೆಲ್ಲ ಒಳ ಅಂಗಳದಲ್ಲಿ. ಆ ಅಂಗಳವನ್ನು ನಿತ್ಯವಸಂತದ ತೋಟವೆಂದು ಪ್ರಚಾರ ಮಾಡಿದರು. ಮೀನಿನ ಕೊಳ, 21 ಅಡಿ ಎತ್ತರದ ಹಕ್ಕಿಪಂಜರ, ನಿಜವಾದ ಗಿಡಮರ, ಬಯಲಿನಲ್ಲಿ ಕೂತಂತೆ ಅನಿಸುವ ಕೆಫೆ. ಹ್ಯಾರಿ ಬರ್ಟೋಯಾ ಎಂಬ ಶಿಲ್ಪಿ ಲೋಹದಲ್ಲಿ ಮಾಡಿದ ಎತ್ತರದ ಬಂಗಾರಬಣ್ಣದ ಮರಗಳು ಅಂತಸ್ತುಗಳ ನಡುವೆ ನಿಂತವು. ಅವು ಈಗಲೂ ಅಲ್ಲಿವೆ. ಕಾರು ನಿಲ್ಲಿಸುವ ಬಯಲನ್ನು ಎರಡು ಎತ್ತರಗಳಲ್ಲಿ ಮಾಡಿ, ಒಂದು ಕಡೆಯಿಂದ ಬಂದವರು ಕೆಳ ಅಂತಸ್ತಿಗೂ ಇನ್ನೊಂದು ಕಡೆಯಿಂದ ಬಂದವರು ಮೇಲಂತಸ್ತಿಗೂ ನೇರ ನಡೆದು ಬರುವಂತೆ ಮಾಡಿದ್ದರು. ಮಹಡಿ ಹತ್ತಲು ಗಿರಾಕಿ ಸೋಮಾರಿತನ ತೋರುತ್ತಾನೆ ಎಂಬ ವ್ಯಾಪಾರಿಗಳ ಹಳೆಯ ಭಯ ಅದರಿಂದ ಕಳೆಯಿತು. ಸರಕಿನ ಲಾರಿಗಳು ನೆಲದಡಿಯ ದಾರಿಯಲ್ಲಿ ಬಂದು ಹೋಗುತ್ತಿದ್ದವು. ಮಿನಿಯಾಪೊಲಿಸ್ ಸಿಂಫನಿ ವಾದ್ಯವೃಂದದ ನೃತ್ಯಕೂಟಗಳು ಇದೇ ಅಂಗಳದಲ್ಲಿ ನಡೆದವು.

ಆದರೆ ಗ್ರೂಯೆನ್‌ರ ನಕ್ಷೆಯಲ್ಲಿ ಮಾಲ್ ಒಂದು ತುಂಡು ಮಾತ್ರ. ಪೂರ್ತಿ ಯೋಜನೆ ಇದ್ದದ್ದು ಸುಮಾರು 460 ಎಕರೆಗೆ. ಮಾಲಿನ ಸುತ್ತ ಅಪಾರ್ಟ್‌ಮೆಂಟುಗಳು, ಒಂಟಿ ಮನೆಗಳು, ಶಾಲೆ, ವೈದ್ಯಕೀಯ ಕೇಂದ್ರ, ಉದ್ಯಾನ, ಕೆರೆ ಇವೆಲ್ಲ ಬರಬೇಕಿತ್ತು. ಜನ ಅಲ್ಲೇ ವಾಸಿಸಿ, ಅಲ್ಲೇ ಕೆಲಸ ಮಾಡಿ, ನಡೆದೇ ಅಂಗಳಕ್ಕೆ ಬರಬೇಕೆಂಬುದು ಆಸೆ. ಅಂದರೆ ಊರು ಕಟ್ಟುವುದು ಉದ್ದೇಶ; ಅಂಗಡಿಗಳು ಅದಕ್ಕೆ ಬೇಕಾದ ಹಣ ದುಡಿದು ಕೊಡಬೇಕಿತ್ತು.

ಕಟ್ಟಿ ಮುಗಿದದ್ದು ಅಂಗಡಿಗಳಷ್ಟೇ.

ಮಾಲ್ ತೆರೆದ ಮರುತಿಂಗಳೇ ಅಮೆರಿಕದ ಅತಿ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅಲ್ಲಿಗೆ ಬಂದರು. ಆಗ ಅವರಿಗೆ ಎಂಬತ್ತೊಂಬತ್ತು ವಯಸ್ಸು, ನಾಲಗೆ ಹರಿತ. ಹಳ್ಳಿಬೀದಿಯ ಕೆಡುಕೆಲ್ಲ ಈ ಅಂಗಳದಲ್ಲಿದೆ, ಅದರ ಚೆಲುವು ಮಾತ್ರ ಇಲ್ಲ ಎಂದುಬಿಟ್ಟರು. ಮಾತು ಕಟುವಾಗಿತ್ತು. ಆದರೂ ಕೊರತೆಯ ಜಾಡನ್ನು ಹಿಡಿದಿತ್ತು: ಬೀದಿಗೆ ಸುತ್ತ ಮನೆಗಳಿರುತ್ತವೆ, ಈ ಅಂಗಳದ ಸುತ್ತ ಇದ್ದದ್ದು ಕಾರುಗಳು.

ಊರು ಏಕೆ ಬರಲಿಲ್ಲ? ಮಾಲ್ ಎದ್ದೊಡನೆ ಸುತ್ತಲಿನ ಜಮೀನಿನ ಬೆಲೆ ಏರಿತು. ಬಿಡಿಬಿಡಿಯಾಗಿ ಮಾರಿದರೆ ಕೂಡಲೇ ಲಾಭ. ಕೆರೆ, ಉದ್ಯಾನ ಮಾಡಿದರೆ ಕೈಯಿಂದ ಖರ್ಚು. ಅದೇ ಹೊತ್ತಿಗೆ ಸರ್ಕಾರದ ಎರಡು ನಿರ್ಧಾರಗಳು ಗಾಳಿಯನ್ನು ಮಾಲುಗಳ ಕಡೆಗೆ ತಿರುಗಿಸಿದವು. 1954ರ ತೆರಿಗೆ ಕಾಯ್ದೆ ಹೊಸ ವಾಣಿಜ್ಯ ಕಟ್ಟಡಗಳ ಸವಕಳಿಯನ್ನು ಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಲು ಬಿಟ್ಟಿತು. ಬರುವ ಆದಾಯ ಕಿಸೆಗೆ ಬೀಳುತ್ತಿದ್ದರೂ ಕಾಗದದ ಮೇಲೆ ನಷ್ಟ ತೋರಿಸಿ ತೆರಿಗೆ ಉಳಿಸಬಹುದಿತ್ತು. ಹಳೆಯ ಪೇಟೆಯ ಕಟ್ಟಡವನ್ನು ದುರಸ್ತಿ ಮಾಡುವುದಕ್ಕಿಂತ ಹೊರವಲಯದಲ್ಲಿ ಹೊಸದು ಕಟ್ಟುವುದು ಲಾಭದ ಬಾಬತ್ತಾಯಿತು ಎಂದು ಇತಿಹಾಸಕಾರ ಥಾಮಸ್ ಹ್ಯಾಂಚೆಟ್ ವಿವರಿಸಿದ್ದಾರೆ. 1956ರ ಜೂನ್‌ನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಹೆದ್ದಾರಿ ಕಾಯ್ದೆ ದೇಶದುದ್ದಕ್ಕೂ 41 ಸಾವಿರ ಮೈಲಿ ರಸ್ತೆಗೆ ದಾರಿ ಮಾಡಿತು. ಹೆದ್ದಾರಿಗಳು ಕೂಡುವಲ್ಲೆಲ್ಲ ಮಾಲುಗಳು ಎದ್ದವು. ಎಲ್ಲರೂ ಸೌತ್‌ಡೇಲಿನ ಪೆಟ್ಟಿಗೆಯನ್ನೂ ಪಾರ್ಕಿಂಗ್ ಬಯಲನ್ನೂ ನಕಲು ಮಾಡಿದರು. 460 ಎಕರೆಯ ನಕ್ಷೆಯನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಡೇಟನ್ ಸಂಸ್ಥೆ ಮಾತ್ರ ಇಲ್ಲಿಂದ ಬೆಳೆದು ಎಲ್ಲಿಗೋ ಹೋಯಿತು. 1962ರಲ್ಲಿ ಮಿನ್ನೆಸೋಟದ ರೋಸ್‌ವಿಲ್ ಎಂಬಲ್ಲಿ ಅಗ್ಗದ ದರದ ಅಂಗಡಿಯೊಂದನ್ನು ತೆರೆಯಿತು. ಅದರ ಹೆಸರು ಟಾರ್ಗೆಟ್. 1966ರಲ್ಲಿ ಈಡೈನಾದಲ್ಲಿ ಬಿ. ಡಾಲ್ಟನ್ ಎಂಬ ಪುಸ್ತಕದಂಗಡಿ ಶುರುಮಾಡಿತು. ಅದು ದೇಶದ ಮಾಲುಗಳಿಗೆಲ್ಲ ಹಬ್ಬಿತು. ಟಾರ್ಗೆಟ್ ಎಂಬ ಮಗು ತಾಯಿಯನ್ನು ಮೀರಿ ಬೆಳೆದು, 2000ದಲ್ಲಿ ಇಡೀ ಸಂಸ್ಥೆಯೇ ಅದರ ಹೆಸರನ್ನು ಇಟ್ಟುಕೊಂಡಿತು. ಅದೇ ಕಂಪನಿ 2005ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಇಂದು ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಅಮೆರಿಕದ ಅಂಗಡಿಗಳ ದಾಸ್ತಾನು, ತಂತ್ರಾಂಶ, ಸರಬರಾಜು ನೋಡಿಕೊಳ್ಳುವ ಕನ್ನಡಿಗರು ಸೌತ್‌ಡೇಲ್ ಕಟ್ಟಿಸಿದ ಅದೇ ಮನೆತನದ ವ್ಯಾಪಾರದ ಮುಂದುವರಿಕೆಯಲ್ಲಿ ದುಡಿಯುತ್ತಿದ್ದಾರೆ.

ಇನ್ನೊಂದು ಸಂಗತಿಯನ್ನು ಬಿಟ್ಟು ಈ ಕಥೆ ಹೇಳುವಂತಿಲ್ಲ. ಗ್ರೂಯೆನ್ ಕನಸಿನ ಅಂಗಳ ಎಲ್ಲರದಾಗಬೇಕಿತ್ತು. ಆದರೆ ಈಡೈನಾ ಎಲ್ಲರ ಊರಾಗಿರಲಿಲ್ಲ. 1920ರ ದಶಕದಲ್ಲಿ ಅಲ್ಲಿ ಬೆಳೆದ ಕಂಟ್ರಿ ಕ್ಲಬ್ ಬಡಾವಣೆಯ ಕ್ರಯಪತ್ರಗಳಲ್ಲೇ ಬಿಳಿಯರಲ್ಲದವರಿಗೆ ಮನೆ ಮಾರಬಾರದೆಂಬ ಷರತ್ತು ಇತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1948ರಲ್ಲೇ ಹೇಳಿತ್ತು. ಮನೆ ಮಾರಾಟದಲ್ಲಿ ವರ್ಣಭೇದವನ್ನು ದೇಶದಾದ್ಯಂತ ಕಾನೂನು ನಿಷೇಧಿಸಲು 1968 ಬರಬೇಕಾಯಿತು. ಪೇಟೆ ಬಿಟ್ಟು ಉಪನಗರಕ್ಕೆ ಹೋದ ಅಂಗಡಿ ಯಾರ ಹತ್ತಿರ ಹೋಯಿತು, ಯಾರಿಂದ ದೂರವಾಯಿತು ಎಂಬುದಕ್ಕೆ ಈ ಕ್ರಯಪತ್ರಗಳು ಉತ್ತರ ಹೇಳುತ್ತವೆ.

ಮಾಲಿನ ಅಂಗಳ ನೋಡಲು ಚೌಕದಂತಿದ್ದರೂ ಕಾನೂನಿನ ಕಣ್ಣಿನಲ್ಲಿ ಖಾಸಗಿ ಜಾಗ. 1972ರಲ್ಲಿ ಪೋರ್ಟ್‌ಲ್ಯಾಂಡಿನ ಮಾಲೊಂದರಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಕರಪತ್ರ ಹಂಚಿದವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮಾಲಿನ ಮಾಲೀಕರ ಪರ ನಿಂತಿತು. 1999ರಲ್ಲಿ ಮಿನ್ನೆಸೋಟದ ಸುಪ್ರೀಂ ಕೋರ್ಟ್ ಕೂಡ ಅದೇ ರಾಜ್ಯದ ಮಾಲ್ ಆಫ್ ಅಮೆರಿಕ ಎಂಬ ಮಾಲಿನಲ್ಲಿ ಪ್ರತಿಭಟಿಸಿದವರಿಗೆ ಅದೇ ಉತ್ತರ ಕೊಟ್ಟಿತು. ಹಳೆಯ ಪೇಟೆಬೀದಿಯಲ್ಲಿ ಭಾಷಣ ಮಾಡಬಹುದಿತ್ತು, ಘೋಷಣೆ ಕೂಗಬಹುದಿತ್ತು, ಏನೂ ಕೊಳ್ಳದೆ ಸುಮ್ಮನೆ ನಿಲ್ಲಬಹುದಿತ್ತು. ಇಲ್ಲಿ ಮಾಲೀಕರ ಅನುಮತಿ ಬೇಕು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದರಲ್ಲಿ ಪಂಚೆಯುಟ್ಟು ಮಗನೊಡನೆ ಸಿನಿಮಾ ನೋಡಲು ಬಂದ ರೈತರನ್ನು ಬಾಗಿಲಲ್ಲೇ ತಡೆದಾಗ ಕರ್ನಾಟಕ ಕೆರಳಿತು. ಅಂದು ಎದ್ದ ಪ್ರಶ್ನೆಯೂ ಇದೇ: ಊರಿನ ಅಂಗಳದಂತೆ ಕಾಣುವ ಜಾಗಕ್ಕೆ ಯಾರು ಬರಬಹುದೆಂದು ತೀರ್ಮಾನಿಸುವವರು ಯಾರು?

ಗ್ರೂಯೆನ್ ಸ್ವತಃ ಕ್ರಮೇಣ ಬೇಸತ್ತರು. ಮಾಲುಗಳ ಜೊತೆಜೊತೆಗೇ ಹಳೆಯ ಪೇಟೆಗಳನ್ನು ಉಳಿಸುವ ಕೆಲಸಕ್ಕೂ ಇಳಿದರು. 1956ರಲ್ಲೇ ಟೆಕ್ಸಸ್‌ನ ಫೋರ್ಟ್ ವರ್ತ್ ಪೇಟೆಯಿಂದ ಕಾರುಗಳನ್ನು ಹೊರಗಿಡುವ ಯೋಜನೆ ಕೊಟ್ಟಿದ್ದರು. ಅದು ಜಾರಿಗೆ ಬರಲಿಲ್ಲ. ಮಿಷಿಗನ್ನಿನ ಕ್ಯಾಲಮಜೂ ಊರು ಅವರ ಸಲಹೆಯಂತೆ 1959ರಲ್ಲಿ ಮುಖ್ಯ ಬೀದಿಯ ಒಂದು ಭಾಗವನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟಿತು. 1968ರಲ್ಲಿ ವಿಯೆನ್ನಾಕ್ಕೆ ಮರಳಿದರು. 1976ರಲ್ಲಿ ಆ ನಗರದ ದಕ್ಷಿಣದ ಹೊರವಲಯದಲ್ಲೇ ಭಾರೀ ಶಾಪಿಂಗ್ ಸೆಂಟರ್ ತಲೆಯೆತ್ತುವುದನ್ನು ನೋಡಬೇಕಾಯಿತು. 1978ರಲ್ಲಿ ಲಂಡನ್ನಿನ ಭಾಷಣವೊಂದರಲ್ಲಿ, ತನ್ನ ಕಲ್ಪನೆಯ ಹೆಸರಿನಲ್ಲಿ ಹುಟ್ಟಿದ ಈ ಕಟ್ಟಡಗಳ ಪಿತೃತ್ವ ತನಗೆ ಬೇಡವೆಂದು ಖಂಡತುಂಡವಾಗಿ ಹೇಳಿದರು. 1980ರ ಫೆಬ್ರವರಿಯಲ್ಲಿ ತೀರಿಕೊಂಡರು.

ಸೌತ್‌ಡೇಲಿಗೆ ಪೆಟ್ಟು ಬಿದ್ದದ್ದು ಆಮೇಲೆ. 1992ರ ಆಗಸ್ಟ್‌ನಲ್ಲಿ ಪಕ್ಕದ ಬ್ಲೂಮಿಂಗ್ಟನ್‌ನಲ್ಲಿ, ಹಳೆಯ ಬೇಸ್‌ಬಾಲ್ ಮೈದಾನವಿದ್ದ ಜಾಗದಲ್ಲಿ, ಒಳಗೆ ಮನರಂಜನಾ ಪಾರ್ಕನ್ನೇ ಇಟ್ಟುಕೊಂಡ ಮಾಲ್ ಆಫ್ ಅಮೆರಿಕ ತೆರೆಯಿತು. ನಂತರ ಇಂಟರ್‌ನೆಟ್ ವ್ಯಾಪಾರ ಬಂತು. ಡಿಪಾರ್ಟ್‌ಮೆಂಟ್ ಸ್ಟೋರುಗಳು ಒಂದನ್ನೊಂದು ನುಂಗಿದವು: ಡೇಟನ್ಸ್ ಅಂಗಡಿ 2001ರಲ್ಲಿ ಮಾರ್ಷಲ್ ಫೀಲ್ಡ್ಸ್ ಆಯಿತು, 2006ರಲ್ಲಿ ಮೇಸೀಸ್ ಆಯಿತು. 2007ರಲ್ಲಿ ಮಾಲು ಸೈಮನ್ ಪ್ರಾಪರ್ಟಿ ಗ್ರೂಪ್ ಕೈಗೆ ಬಂತು. ಮಾಲಿನಲ್ಲಿದ್ದ ಬೇರೆ ದೊಡ್ಡ ಅಂಗಡಿಗಳೂ ಉಳಿಯಲಿಲ್ಲ: 2017ರಲ್ಲಿ ಜೆ. ಸಿ. ಪೆನ್ನಿ, 2018ರಲ್ಲಿ ಹರ್‌ಬರ್ಗರ್ಸ್ ಬಾಗಿಲು ಮುಚ್ಚಿದವು. 2017ರ ಮಾರ್ಚ್‌ನಲ್ಲೇ ನಿಕೊಲೆಟ್ ರಸ್ತೆಯ ಮೂಲ ಅಂಗಡಿಯೂ ನಿಂತು, ಆ ಕಟ್ಟಡ ಕಚೇರಿಗಳಿಗೆ ಹೋಯಿತು. ಪೇಟೆ ಬಿಟ್ಟು ಓಡಿದ ವ್ಯಾಪಾರ ಉಪನಗರದಲ್ಲೂ ನೆಲೆ ನಿಲ್ಲಲಿಲ್ಲ.

ಆಗ ಶುರುವಾದ ಮರುನಿರ್ಮಾಣದಲ್ಲಿ ಗ್ರೂಯೆನ್‌ರ ಮಡಿಸಿಟ್ಟ ನಕ್ಷೆ ತುಂಡುತುಂಡಾಗಿ ಹೊರಬಂತು. 2014ರಲ್ಲಿ ಪಾರ್ಕಿಂಗ್ ಬಯಲಿನ ಒಂದು ಮೂಲೆಯಲ್ಲಿ 232 ಮನೆಗಳ ಬಾಡಿಗೆ ಅಪಾರ್ಟ್‌ಮೆಂಟ್ ಎದ್ದಿತು. ಇನ್ನೊಂದು ಮೂಲೆಯಲ್ಲಿ ಹೋಟೆಲು ಬಂತು. ಜೆ. ಸಿ. ಪೆನ್ನಿ ಇದ್ದ ಜಾಗದಲ್ಲಿ 2019ರ ಡಿಸೆಂಬರ್‌ನಲ್ಲಿ ಲೈಫ್ ಟೈಮ್ ಸಂಸ್ಥೆ ವ್ಯಾಯಾಮಶಾಲೆ, ಈಜುಕೊಳ, ಹಂಚಿಕೊಂಡು ಕೂತು ಕೆಲಸ ಮಾಡುವ ಕಚೇರಿಗಳನ್ನು ತೆರೆಯಿತು. ಈಡೈನಾ ಸೇರಿರುವ ಹೆನೆಪಿನ್ ಕೌಂಟಿಯ ಸರ್ಕಾರಿ ಸೇವಾಕೇಂದ್ರವೂ ಮಾಲಿನೊಳಕ್ಕೆ ಬಂತು. ವಾಹನ ಪರವಾನಗಿ ಮಾಡಿಸಲು ಬರುವವರು ಈಗ ಅಂಗಡಿಗಳ ನಡುವೆ ಹಾದುಹೋಗುತ್ತಾರೆ. ಸುತ್ತಲಿನ ಪ್ರದೇಶ ಇನ್ನೂ ಮೊದಲೇ ಬದಲಾಗತೊಡಗಿತ್ತು. 1965ರಲ್ಲಿ ಹತ್ತಿರವೇ ಫೇರ್‌ವ್ಯೂ ಸೌತ್‌ಡೇಲ್ ಆಸ್ಪತ್ರೆ ಬಂದಿತ್ತು. ಹಳೆಯ ಜಲ್ಲಿ ಗುಂಡಿಯೊಂದು ಸೆಂಟೆನಿಯಲ್ ಲೇಕ್ಸ್ ಎಂಬ ಉದ್ಯಾನವಾಯಿತು. ಅದರ ಕೊಳಗಳ ದಂಡೆಯಲ್ಲಿ ಮನೆ, ಕಚೇರಿ, ಚಿಕಿತ್ಸಾಲಯಗಳು ಬೆಳೆದವು. ಅಪಾರ್ಟ್‌ಮೆಂಟ್, ವೈದ್ಯಕೀಯ ಕೇಂದ್ರ, ಉದ್ಯಾನ, ನೀರು: 1950ರ ದಶಕದ ಪಟ್ಟಿಯಲ್ಲಿದ್ದ ಸಾಮಾನುಗಳೇ ಇವು. ಆದರೆ ಒಟ್ಟು ಯೋಜನೆಯಿಲ್ಲದೆ, ಬೇರೆ ಬೇರೆ ಕೈಗಳಿಂದ, ಅಗಲವಾದ ರಸ್ತೆಗಳ ಆಚೀಚೆ ಬಂದ ಕಾರಣ ಒಂದರಿಂದ ಇನ್ನೊಂದಕ್ಕೆ ನಡೆದು ಹೋಗುವುದು ಇನ್ನೂ ಸುಲಭವಲ್ಲ.

ಬೇರೆ ಊರುಗಳು ಬೇರೆ ದಾರಿ ಹಿಡಿದಿವೆ. ಡೆಟ್ರಾಯಿಟ್ ಬಳಿಯ ನಾರ್ತ್‌ಲ್ಯಾಂಡ್ 2015ರಲ್ಲಿ ಮುಚ್ಚಿದಾಗ ಸೌತ್‌ಫೀಲ್ಡ್ ನಗರಾಡಳಿತವೇ ಅದನ್ನು ಕೊಂಡಿತು. ಅಲ್ಲಿದ್ದ ಬಾಲಕ ಮತ್ತು ಕರಡಿಯ ಜನಪ್ರಿಯ ಶಿಲ್ಪವನ್ನು ಊರಿನ ಗ್ರಂಥಾಲಯಕ್ಕೆ ತಂದು ಉಳಿಸಿಕೊಂಡಿತು. ಹಳೆಯ ಹಡ್ಸನ್ಸ್ ಕಟ್ಟಡವನ್ನು ಕೆಡವದೆ ಮನೆಗಳಾಗಿ ಮಾರ್ಪಡಿಸುವ ಕೆಲಸ ಶುರುವಾಯಿತು. ಶಿಕಾಗೋ ಬಳಿ ಗ್ರೂಯೆನ್ 1962ರಲ್ಲಿ ಕಟ್ಟಿದ್ದ ರ‍್ಯಾಂಡ್‌ಹರ್ಸ್ಟ್ ಮಾಲಿನ ಬಹುಭಾಗವನ್ನು ಕೆಡವಿ 2011ರಲ್ಲಿ ಚಾವಣಿಯಿಲ್ಲದ ಅಂಗಡಿಬೀದಿ ಮಾಡಿದರು. ಎಲ್ಲಕ್ಕಿಂತ ದಿಟ್ಟ ಪ್ರಯತ್ನ ಕೊಲರಾಡೊದ ಲೇಕ್‌ವುಡ್‌ನದು. 1966ರ ವಿಲ್ಲಾ ಇಟಾಲಿಯಾ ಮಾಲ್ 2001ರಲ್ಲಿ ಮುಚ್ಚಿದ ಮೇಲೆ ಆ ಜಾಗವನ್ನು ಬೀದಿಗಳಿಂದ 22 ತುಂಡುಗಳಾಗಿ ಸೀಳಿ, ಅಂಗಡಿಗಳ ಮೇಲೆ ಮನೆ, ನಡುವೆ ಚೌಕ, ಪಕ್ಕದಲ್ಲಿ ಕಚೇರಿ ಇರುವ ಬೆಲ್ಮಾರ್ ಎಂಬ ಪೇಟೆಯನ್ನೇ 2004ರಿಂದ ಕಟ್ಟುತ್ತ ಬಂದರು.

ಈ ಮೂರರ ಪಕ್ಕ ಇಟ್ಟು ನೋಡಿದರೆ ಸೌತ್‌ಡೇಲ್ ಮಾಲಾಗಿಯೇ ಉಳಿದದ್ದು. ಅದು ಅದರ ಹಿರಿಮೆ. ಗಿರಾಕಿಯನ್ನು ಮಾತ್ರ ನೆಚ್ಚಿಕೊಂಡ ಅಂಗಳ ಒಂದೇ ತಲೆಮಾರಿನಲ್ಲಿ ಬರಿದಾಗುತ್ತದೆ, ನಿವಾಸಿಯೂ ರೋಗಿಯೂ ನೌಕರನೂ ಅರ್ಜಿದಾರನೂ ಬರುವ ಅಂಗಳ ಬಾಳುತ್ತದೆ ಎಂಬುದನ್ನು ಅದು ತಡವಾಗಿಯಾದರೂ ಒಪ್ಪಿಕೊಂಡಿದೆ. ಒಪ್ಪಿಕೊಳ್ಳದೆ ಉಳಿದಿರುವುದು ಆ ಅಂಗಳ ಸಾರ್ವಜನಿಕರ ಹಕ್ಕಿನ ಜಾಗವಾಗಬೇಕೆಂಬ ಮಾತು. ನಮ್ಮ ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಮಾಲುಗಳಿಗೂ ವಯಸ್ಸಾಗುತ್ತದೆ, ಅವುಗಳಿಗೂ ಮರುನಿರ್ಮಾಣದ ಕಾಲ ಬರುತ್ತದೆ. ಆಗ ನಗರಪಾಲಿಕೆಗಳು ಎಷ್ಟು ಅಂತಸ್ತು ಏರಿಸಬಹುದೆಂದು ಲೆಕ್ಕ ಹಾಕುವ ಮೊದಲು ಮೂರು ಷರತ್ತು ಹಾಕಲಿ: ಸುತ್ತಲಿನವರು ನಡೆದು ಬರಲು ದಾರಿಯಿರಬೇಕು, ಮಧ್ಯಮವರ್ಗದವರೂ ಬಡವರೂ ಇರಬಲ್ಲ ಮನೆಗಳು ಅಲ್ಲಿರಬೇಕು, ಪಂಚೆಯುಟ್ಟವರನ್ನೂ ಕರಪತ್ರ ಹಿಡಿದವರನ್ನೂ ಯಾರೂ ತಡೆಯಲಾಗದ ಒಂದು ಚೌಕ ನಗರದ ಹೆಸರಿನಲ್ಲಿ ನೋಂದಣಿಯಾಗಬೇಕು.